ಸಾವಿರದಲ್ಲಿ ಎರಡು ಪಾಲು: ಬ್ರಸೆಲ್ಸ್‌ಗೆ ಒಂದು ಬಹಿರಂಗ ಪತ್ರ

ಯುರೋಪಿಯನ್ ಕಮಿಷನ್‌ನಲ್ಲಿ ಸಂಶೋಧನೆಯ ಹೊಣೆ ಹೊತ್ತ ಎಕಟೆರಿನಾ ಜಹರಿಯೆವಾ ಅವರಿಗೆ, ತಂತ್ರಜ್ಞಾನದ ಸ್ವಾವಲಂಬನೆಯ ಹೊಣೆ ಹೊತ್ತ ಹೆನ್ನಾ ವಿರ್ಕುನೆನ್ ಅವರಿಗೆ,



ನಾನು ಹಾಸನದ ಕಡೆಯವನು. ಈಗ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೇನೆ; ಸಾಫ್ಟ್‌ವೇರ್ ಬರೆಯುವುದು ಕಸುಬು. ತಿಂಗಳು ತಿಂಗಳು ನನ್ನ ಸಂಬಳದಲ್ಲಿ ಮುರಿದುಕೊಳ್ಳುವ ತೆರಿಗೆಯಲ್ಲಿ ಒಂದಿಷ್ಟು ಬ್ರಸೆಲ್ಸ್ ಸೇರುತ್ತದೆ. ಆ ಹಣದ ಬಗ್ಗೆ ಮಾತಾಡುವ ಹಕ್ಕು ನನಗಿದೆ ಎಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ.

ಕನ್ನಡದಲ್ಲೇ ಬರೆಯುತ್ತಿರುವುದಕ್ಕೆ ಕಾರಣವಿದೆ. ನಿಮ್ಮ ಬಜೆಟ್ಟಿನ ಒಂದು ಸಾಲು ಅಳಿಸಿಹೋದರೆ ಅದರ ಬಿಸಿ ಹಾಸನದ, ಕಲಬುರಗಿಯ ಕಾಲೇಜು ಲ್ಯಾಬ್‌ಗಳಿಗೂ ತಟ್ಟುತ್ತದೆ. ಅಲ್ಲಿನ ಮಕ್ಕಳು ಕೂತು ಕಲಿಯುವ ಲಿನಕ್ಸ್, 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು. ಪಾಠದ ವಿಡಿಯೊ ನೋಡುವ ವಿಎಲ್‌ಸಿ, 1996ರಲ್ಲಿ ಪ್ಯಾರಿಸ್ ಬಳಿಯ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಹುಟ್ಟಿದ್ದು. ವಿಟಿಯು ಪಠ್ಯದಲ್ಲಿರುವ ಪೈಥಾನ್ ಬಂದಿದ್ದು ಆಮ್ಸ್ಟರ್‌ಡ್ಯಾಮಿನ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯೊಂದರಿಂದ. ಇವುಗಳಿಗೆ ನಮ್ಮ ಕಾಲೇಜುಗಳು ಒಂದು ಪೈಸೆ ಲೈಸೆನ್ಸ್ ಹಣ ಕಟ್ಟಿಲ್ಲ. ಯುರೋಪಿನ ತೆರಿಗೆದಾರರ ದುಡ್ಡಿನಿಂದ ನಡೆದ ವಿಶ್ವವಿದ್ಯಾಲಯಗಳು, ಸಂಸ್ಥೆಗಳು ಜಗತ್ತಿಗೆ ಬಿಟ್ಟುಕೊಟ್ಟ ಸಂಪತ್ತು ಅದು. ಅದರ ಫಲ ಉಂಡವರಲ್ಲಿ ನಾನೂ ಒಬ್ಬ.

ವಿಷಯಕ್ಕೆ ಬರುತ್ತೇನೆ. 2028ರಿಂದ 2034ರವರೆಗಿನ ಸಂಶೋಧನಾ ಕಾರ್ಯಕ್ರಮಕ್ಕೆ 17,500 ಕೋಟಿ ಯೂರೋ ಬೇಕೆಂದು 2025ರ ಜುಲೈಯಲ್ಲಿ ನಿಮ್ಮ ಕಮಿಷನ್ ಪ್ರಸ್ತಾಪ ಇಟ್ಟಿತು. 2021ರಿಂದ 2027ರವರೆಗಿನ ಹರೈಸನ್ ಯುರೋಪ್ ಕಾರ್ಯಕ್ರಮಕ್ಕೆ ಎತ್ತಿಟ್ಟಿದ್ದು 9,550 ಕೋಟಿ. ಅದಕ್ಕೂ ಹಿಂದಿನ ಹರೈಸನ್ 2020ಕ್ಕೆ 8,000 ಕೋಟಿಯ ಆಸುಪಾಸು. ಮೊತ್ತ ಏರಲೇಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಜಿಡಿಪಿಯ ಶೇ 3ರಷ್ಟನ್ನು 2010ರ ಹೊತ್ತಿಗೆ ಸಂಶೋಧನೆಗೆ ಹಾಕುತ್ತೇವೆಂದು 2002ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ್ದ ನಾಯಕರು ಮಾತು ಕೊಟ್ಟಿದ್ದರು. ಯುರೋಪ್ ಇನ್ನೂ ಶೇ 2.2ರ ಸುತ್ತಮುತ್ತಲೇ ಇದೆ.

ಹಣ ಎಷ್ಟು ಎಂಬ ಚೌಕಾಸಿಯನ್ನು ಸದಸ್ಯ ದೇಶಗಳು, ಪಾರ್ಲಿಮೆಂಟು ಮಾಡಿಕೊಳ್ಳುತ್ತವೆ. ನನ್ನ ಅಹವಾಲು ಬೇರೆ. ಈ ಹಣ ಯಾರ ಕೈ ಸೇರುತ್ತದೆ, ಎಷ್ಟೆಷ್ಟರ ಗಂಟಿನಲ್ಲಿ, ಯಾವ ಷರತ್ತಿನ ಮೇಲೆ? ಕಂಪ್ಯೂಟರ್ ಲೋಕಕ್ಕೆ ಯುರೋಪಿನ ಸರ್ಕಾರಿ ದುಡ್ಡು ಕೊಟ್ಟ ಅತಿದೊಡ್ಡ ಕೊಡುಗೆಗಳನ್ನು ಒಂದೊಂದಾಗಿ ನೋಡಿ: ಸಣ್ಣ ಮೊತ್ತ, ಬೆರಳೆಣಿಕೆಯ ಜನ, ಫಲವನ್ನು ಮುಕ್ತವಾಗಿ ಬಿಟ್ಟುಕೊಡುವ ಮನಸ್ಸು. ಈ ಮೂರೂ ಕೂಡಿ ಬರುವ ದಾರಿಯೊಂದು ನಿಮ್ಮ ಕಾರ್ಯಕ್ರಮದೊಳಗೆ ಇದೆ. ಅದನ್ನು ಮುಚ್ಚಬೇಡಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ಜಿನೀವಾದ ಸೆರ್ನ್ ಪ್ರಯೋಗಾಲಯದ ಕತೆ ನಿಮಗೆ ಗೊತ್ತು. ಆದರೂ ಅದರ ಒಂದು ಅಂಚನ್ನು ನೆನಪಿಸುತ್ತೇನೆ. 1989ರ ಮಾರ್ಚ್‌ನಲ್ಲಿ ಟಿಮ್ ಬರ್ನರ್ಸ್-ಲೀ ಬರೆದ ಟಿಪ್ಪಣಿಯಲ್ಲಿ ಜಗತ್ತನ್ನು ಬದಲಿಸುವ ಮಾತು ಇರಲಿಲ್ಲ. ಸಾವಿರಾರು ಜನ ಬಂದು ಹೋಗುವ ಪ್ರಯೋಗಾಲಯದಲ್ಲಿ ಯಾವ ದಾಖಲೆ ಎಲ್ಲಿದೆ ಎಂದು ಹುಡುಕುವುದೇ ಕಷ್ಟವಾಗಿದೆ, ಇದಕ್ಕೊಂದು ವ್ಯವಸ್ಥೆ ಬೇಕು ಎಂಬುದಷ್ಟೇ ಅದರ ತಿರುಳು. ಅವರ ಮೇಲಧಿಕಾರಿ ಮೈಕ್ ಸೆಂಡಾಲ್ ಆ ಹಾಳೆಯ ಮೇಲೆ, ವಿಚಾರ ಅಸ್ಪಷ್ಟವಾಗಿದ್ದರೂ ಉತ್ಸಾಹ ಹುಟ್ಟಿಸುತ್ತದೆ ಎಂಬರ್ಥದ ಮೂರು ಪದ ಗೀಚಿದರು. ಸೆರ್ನ್‌ನ ಅಧಿಕೃತ ಪ್ರಾಜೆಕ್ಟುಗಳ ಪಟ್ಟಿಗೆ ಅದು ಆಗ ಸೇರಲಿಲ್ಲ. ಆದರೆ ಸೆಂಡಾಲ್ ಮರುವರ್ಷ ಒಂದು ನೆಕ್ಸ್ಟ್ ಕಂಪ್ಯೂಟರ್ ಕೊಡಿಸಿದರು. ಕೆಲಸ ಮಾಡಲು ಬಿಟ್ಟರು. ವೆಬ್ ಹುಟ್ಟಿದ್ದು ಹಾಗೆ. 1993ರ ಏಪ್ರಿಲ್ 30ರಂದು ಸೆರ್ನ್ ಆ ಸಾಫ್ಟ್‌ವೇರನ್ನು ಯಾರು ಬೇಕಾದರೂ ಬಳಸಬಹುದು ಎಂದು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಅಂದು ಬೆಲೆ ಕಟ್ಟಿದ್ದರೆ ಇಂದು ವೆಬ್ ಈ ರೂಪದಲ್ಲಿ ಇರುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ಸೆಂಡಾಲ್ ಮಾಡಿದ ಕೆಲಸವನ್ನು ನಿಮ್ಮ ಕಾರ್ಯಕ್ರಮದಲ್ಲಿ ಇಂದು ಯಾರು ಮಾಡುತ್ತಾರೆ? ಅಸ್ಪಷ್ಟವಾದ ಆದರೆ ಜೀವಂತವಾದ ವಿಚಾರಕ್ಕೆ ಒಂದು ಕಂಪ್ಯೂಟರ್ ಕೊಡಿಸುವ ಅಧಿಕಾರ ಯಾರಿಗಿದೆ?

ಪೈಥಾನ್ ಕತೆಯಂತೂ ನಿಮ್ಮ ಮೌಲ್ಯಮಾಪಕರು ಕೂತು ಓದಬೇಕಾದದ್ದು. ಆಮ್ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ, ಡಚ್ ಸರ್ಕಾರದ ಅನುದಾನದಲ್ಲಿ ನಡೆಯುವ ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನದ ಸಂಸ್ಥೆ. ಗೀಡೊ ವಾನ್ ರೋಸಮ್ ಅಲ್ಲಿ ಎಬಿಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ತಂಡದಲ್ಲಿದ್ದರು. ಕಲಿಯುವವರಿಗೆ ಸುಲಭವಾಗಲಿ ಎಂದು ಮಾಡಿದ ಆ ಭಾಷೆ ಹೊರಗೆ ನೆಲೆ ಕಾಣಲಿಲ್ಲ, ಪ್ರಾಜೆಕ್ಟ್ ನಿಂತಿತು. ಆಮೇಲೆ ಅವರನ್ನು ಅಮೀಬಾ ಎಂಬ ಆಪರೇಟಿಂಗ್ ಸಿಸ್ಟಮ್ ಕೆಲಸಕ್ಕೆ ಹಾಕಿದರು. 1989ರ ಕ್ರಿಸ್‌ಮಸ್ ರಜೆಯಲ್ಲಿ ಹೊತ್ತು ಕಳೆಯಲೆಂದು ಅವರು ಎಬಿಸಿಯ ಒಳ್ಳೆಯ ಗುಣಗಳನ್ನು ಉಳಿಸಿಕೊಂಡ ಹೊಸ ಭಾಷೆಯೊಂದನ್ನು ಬರೆಯತೊಡಗಿದರು. 1991ರ ಫೆಬ್ರವರಿಯಲ್ಲಿ ಅದು ಹೊರಬಂತು. ಇಂದು ಅಮೀಬಾ ಹೆಸರು ಇತಿಹಾಸ ಬಲ್ಲವರಿಗೆ ಮಾತ್ರ ಗೊತ್ತು. ಎಐ ಎಂದು ನೀವು ಸಾವಿರಾರು ಕೋಟಿ ಸುರಿಯಲು ಹೊರಟಿರುವ ಇಡೀ ಕ್ಷೇತ್ರ ಮಾತಾಡುವುದು ಪೈಥಾನ್‌ನಲ್ಲಿ.

ಎಬಿಸಿಯನ್ನು ನಿಮ್ಮ ಇಂದಿನ ಮಾನದಂಡದಲ್ಲಿ ಅಳೆದರೆ ಸೋತ ಪ್ರಾಜೆಕ್ಟ್. ಪೈಥಾನ್ ಯಾವ ಪ್ರಸ್ತಾವನೆಯಲ್ಲೂ ಇರಲಿಲ್ಲ. ಆದರೆ ಎಬಿಸಿಗೆ ಹಣ ಕೊಡದೆ ಇದ್ದಿದ್ದರೆ, ಸೋತ ಮೇಲೂ ಆ ಮನುಷ್ಯನನ್ನು ಕೆಲಸದಲ್ಲಿ ಉಳಿಸಿಕೊಳ್ಳದೆ ಇದ್ದಿದ್ದರೆ, ಆ ರಜೆಯ ಬರವಣಿಗೆ ಆಗುತ್ತಿರಲಿಲ್ಲ. 1995ರಲ್ಲಿ ವಾನ್ ರೋಸಮ್ ಅಮೆರಿಕಕ್ಕೆ ಹೊರಟುಹೋದರು. ಯುರೋಪ್ ಅವರನ್ನು ಉಳಿಸಿಕೊಳ್ಳಲಿಲ್ಲವೆಂಬ ಬೇಸರ ನನಗೂ ಇದೆ. ಭಾಷೆ ಮಾತ್ರ ಯಾವ ದೇಶದ, ಯಾವ ಕಂಪನಿಯ ಕೈಗೂ ಸಿಕ್ಕಲಿಲ್ಲ.

ಮುಚ್ಚಬೇಡಿ ಎಂದು ಮೇಲೆ ಕೇಳಿಕೊಂಡ ಆ ದಾರಿಯ ಮಾತು ಈಗ. ಆಮ್ಸ್ಟರ್‌ಡ್ಯಾಮಿನಲ್ಲಿ ಎನ್‌ಎಲ್‌ನೆಟ್ ಎಂಬ ಪ್ರತಿಷ್ಠಾನವಿದೆ. 1980ರ ದಶಕದಲ್ಲಿ ಯುರೋಪಿನ ಯೂನಿಕ್ಸ್ ಬಳಕೆದಾರರು ಕಟ್ಟಿಕೊಂಡ ಜಾಲದಿಂದ ಬೆಳೆದು, ನೆದರ್‌ಲ್ಯಾಂಡ್ಸ್‌ನಲ್ಲಿ ಮೊದಮೊದಲು ಇಂಟರ್‌ನೆಟ್ ಸಂಪರ್ಕ ಕೊಟ್ಟ ಸಂಸ್ಥೆಯಾಯಿತು. 1997ರಲ್ಲಿ ಆ ವ್ಯವಹಾರವನ್ನು ಯುಯುನೆಟ್‌ಗೆ ಮಾರಿ, ಬಂದ ಹಣವನ್ನು ಇಂಟರ್‌ನೆಟ್ಟಿನ ಸಾರ್ವಜನಿಕ ಕೆಲಸಕ್ಕೆಂದೇ ಮೀಸಲಿಟ್ಟಿತು. ನಿಮ್ಮ ಕಮಿಷನ್ ನೆಕ್ಸ್ಟ್ ಜನರೇಷನ್ ಇಂಟರ್‌ನೆಟ್ ಎಂಬ ಯೋಜನೆ ಶುರು ಮಾಡಿದಾಗ, ದೊಡ್ಡ ಗಂಟನ್ನು ಇಂಥ ಸಂಸ್ಥೆಗಳಿಗೆ ಕೊಟ್ಟು, ಅವು ಅದನ್ನು ಸಣ್ಣಸಣ್ಣದಾಗಿ ಹಂಚುವ ಏರ್ಪಾಡು ಮಾಡಿತು. ಎನ್‌ಎಲ್‌ನೆಟ್ ಒಂದು ಸಲಕ್ಕೆ ಕೊಡುವುದು 5,000ದಿಂದ 50,000 ಯೂರೋ. ನಮ್ಮ ಲೆಕ್ಕದಲ್ಲಿ ಸರಿಸುಮಾರು 5ರಿಂದ 50 ಲಕ್ಷ ರೂಪಾಯಿ. ಎರಡು ತಿಂಗಳಿಗೊಮ್ಮೆ ಅರ್ಜಿ ಕರೆಯುತ್ತದೆ. ಒಪ್ಪಿಕೊಂಡ ಕೆಲಸದ ಒಂದೊಂದು ಹಂತ ಮುಗಿದಂತೆ ಆ ಹಂತದ ದುಡ್ಡು ಬರುತ್ತದೆ.

ಆ ಅರ್ಜಿಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಏನು ಮಾಡುತ್ತೀರಿ, ಅದರಿಂದ ಏನು ಸಿಗಬೇಕು? ಹಿಂದೆ ಇಂಥ ಕೆಲಸ ಮಾಡಿದ್ದೀರಾ? ಎಷ್ಟು ಹಣ ಬೇಕು, ಯಾವುದಕ್ಕೆ? ಈಗಾಗಲೇ ಇಂಥದ್ದನ್ನು ಮಾಡಿದವರಿಗಿಂತ ನಿಮ್ಮದು ಹೇಗೆ ಬೇರೆ? ತಾಂತ್ರಿಕವಾಗಿ ಕಷ್ಟದ ಭಾಗ ಯಾವುದು? ಯಾರೊಡನೆ ಸೇರಿ ಮಾಡುತ್ತೀರಿ? ಅಷ್ಟೇ. ಕೆಲಸ ಗೊತ್ತಿದ್ದವರು ಒಂದು ಸಂಜೆ ಕೂತು ಬರೆದು ಮುಗಿಸಬಹುದು. ಕೆಲಸ ಗೊತ್ತಿಲ್ಲದವರಿಗೆ ಐದನೆಯ ಪ್ರಶ್ನೆಯಲ್ಲೇ ಮಾತು ಕಟ್ಟುತ್ತದೆ. ಪರೀಕ್ಷೆ ಎಂದರೆ ಇದು.

ಪರಿಚಯದ ಸಂಶೋಧಕಿಯೊಬ್ಬರು ಹರೈಸನ್‌ನ ದೊಡ್ಡ ಪ್ರಾಜೆಕ್ಟಿಗೆ ಅರ್ಜಿ ಹಾಕಿದಾಗಲೂ ಪಕ್ಕದಲ್ಲಿ ಕೂತು ನೋಡಿದೆ. ಮೊದಲು ಕನ್ಸಾರ್ಷಿಯಂ: ಕನಿಷ್ಠ ಮೂರು ದೇಶಗಳ ಮೂರು ಸಂಸ್ಥೆಗಳು ಬೇಕು. ಗೆಲ್ಲಬೇಕೆಂದರೆ ಹತ್ತು ಹನ್ನೆರಡು ಇದ್ದರೆ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ. ಆಮೇಲೆ ವರ್ಕ್ ಪ್ಯಾಕೇಜು, ಡೆಲಿವರಬಲ್ಲು, ಮೈಲಿಗಲ್ಲು, ಗ್ಯಾಂಟ್ ಚಾರ್ಟು, ಯಾರ ಪಾಲಿಗೆ ಎಷ್ಟು ಮಾನವ-ತಿಂಗಳು ಎಂಬ ಕೋಷ್ಟಕ. ನಲವತ್ತಕ್ಕೂ ಹೆಚ್ಚು ಪುಟಗಳ ಆ ದಾಖಲೆಯಲ್ಲಿ ನಿಜವಾದ ಸಂಶೋಧನೆಯ ವಿಚಾರ ನಾಲ್ಕೈದು ಪುಟ. ಅರ್ಜಿ ಬರೆದುಕೊಡುವುದೇ ದಂಧೆ ಮಾಡಿಕೊಂಡ ಕನ್ಸಲ್ಟೆಂಟುಗಳಿದ್ದಾರೆ. ಬ್ರಸೆಲ್ಸ್ ಸಮಯ ಸಂಜೆ 5ಕ್ಕೆ ಪೋರ್ಟಲ್ ಮುಚ್ಚುತ್ತದೆ. ಮಧ್ಯಾಹ್ನದವರೆಗೂ ಆಕೆ ಪಾಲುದಾರರೊಬ್ಬರ ಬಜೆಟ್ ಅಂಕಿಗಾಗಿ ಫೋನ್ ಮಾಡುತ್ತಲೇ ಇದ್ದರು. ಇಂಥ ಅರ್ಜಿಗಳಲ್ಲಿ ಬಹಳಷ್ಟು ತಿರಸ್ಕಾರವಾಗುತ್ತವೆ. ತಿರಸ್ಕಾರವಾದ ಒಂದೊಂದರ ಹಿಂದೆಯೂ ವಿಜ್ಞಾನಿಗಳ ತಿಂಗಳುಗಳು ಮಣ್ಣುಪಾಲಾಗಿರುತ್ತವೆ. ಆ ವೇಳೆಯ ಸಂಬಳವೂ ಹೆಚ್ಚಿನಂಶ ಸಾರ್ವಜನಿಕ ಹಣವೇ.

ಸಣ್ಣ ಅನುದಾನಗಳಿಂದ ಏನು ಬಂತು? ವೈರ್‌ಗಾರ್ಡ್ ಎಂಬ ವಿಪಿಎನ್ ಸಾಫ್ಟ್‌ವೇರ್ ನೋಡಿ. ಎನ್‌ಎಲ್‌ನೆಟ್ ಕೈಹಿಡಿದ ಕೆಲಸಗಳಲ್ಲಿ ಅದೂ ಒಂದು. ಹಳೆಯ ವಿಪಿಎನ್ ಸಾಫ್ಟ್‌ವೇರುಗಳು ಲಕ್ಷಾಂತರ ಸಾಲಿನವು; ಇದು ಸುಮಾರು 4,000 ಸಾಲಿನದು. ಒಬ್ಬ ಪರಿಣತ ಕೂತು ಪೂರ್ತಿ ಓದಿ ಎಲ್ಲಿ ತೂತಿದೆ ಎಂದು ನೋಡಬಲ್ಲಷ್ಟು ಚಿಕ್ಕದು. 2020ರ ಮಾರ್ಚ್‌ನಲ್ಲಿ ಲಿನಕ್ಸ್ ಕರ್ನೆಲ್‌ನ 5.6ನೇ ಆವೃತ್ತಿಯೊಳಗೇ ಸೇರಿಕೊಂಡಿತು. ಜಗತ್ತೆಲ್ಲ ಮನೆಯಿಂದ ಕೆಲಸ ಮಾಡಲು ಕೂತ ತಿಂಗಳು ಅದು. ಬೆಂಗಳೂರಿನ ನನ್ನ ಗೆಳೆಯರು ಆಫೀಸಿನ ಜಾಲಕ್ಕೆ ಮನೆಯಿಂದ ಸೇರಿಕೊಳ್ಳಲು ಪರದಾಡುತ್ತಿದ್ದ ದಿನಗಳವು. ಸಾಮಾಜಿಕ ಜಾಲತಾಣ ಮಸ್ಟಡಾನ್, ಫ್ರಾನ್ಸಿನ ಫ್ರಾಮಾಸಾಫ್ಟ್ ಸಂಘದ ವಿಡಿಯೊ ವೇದಿಕೆ ಪಿಯರ್‌ಟ್ಯೂಬ್ ಕೂಡ ನೆಕ್ಸ್ಟ್ ಜನರೇಷನ್ ಇಂಟರ್‌ನೆಟ್ ಯೋಜನೆಯ ನೆರವು ಪಡೆದವು. ಒಂದು ಅಮೆರಿಕನ್ ಕಂಪನಿಯ ಮರ್ಜಿಗೆ ಸಿಲುಕದೆ ಜನ ಮಾತಾಡಿಕೊಳ್ಳಬೇಕು ಎಂದು ನೀವು ವೇದಿಕೆಗಳಲ್ಲಿ ಹೇಳುತ್ತೀರಿ. ಅದಕ್ಕೆ ಬೇಕಾದ ಸಾಧನವನ್ನು ಇವರು ಮಾಡಿ ತೋರಿಸಿದ್ದಾರೆ.

ಹೀಗಿರುವಾಗ 2024ರ ಬೇಸಿಗೆಯಲ್ಲಿ ಮುಂದಿನ ವರ್ಷದ ಕಾರ್ಯಕ್ರಮದ ಕರಡಿನಿಂದ ನೆಕ್ಸ್ಟ್ ಜನರೇಷನ್ ಇಂಟರ್‌ನೆಟ್ ಹೆಸರೇ ಮಾಯವಾಗಿತ್ತು. ಯುರೋಪಿನ ಹತ್ತಾರು ಸಂಘಟನೆಗಳು ಸಹಿ ಹಾಕಿ ಪತ್ರ ಬರೆದವು. ಕಾರಣವೇನೆಂದು ಯಾರಾದರೂ ಎದ್ದುನಿಂತು ಜನರಿಗೆ ಹೇಳಬೇಕಿತ್ತು. ಚೆನ್ನಾಗಿ ನಡೆಯುತ್ತಿರುವ ಕೆಲಸವೊಂದನ್ನು ಹೊಸ ಘೋಷಣೆಗೆ ಜಾಗ ಮಾಡಿಕೊಡಲು ಪಕ್ಕಕ್ಕೆ ಸರಿಸುವುದು ನ್ಯಾಯವಲ್ಲ. ಹಿಂದೆ ಮಂಜೂರಾದ ಹಣದಿಂದ ಕೆಲಸ ಸಾಗುತ್ತಿದೆ ಎನ್ನುವುದು ಸಮಾಧಾನದ ಮಾತಲ್ಲ. ಆ ಹಣಕ್ಕೂ ಕೊನೆಯಿದೆ.

ನಿಮ್ಮದೇ ಕಮಿಷನ್‌ಗಾಗಿ ಫ್ರಾನ್‌ಹೋಫರ್ ಐಎಸ್‌ಐ ಮತ್ತು ಓಪನ್‌ಫೋರಂ ಯುರೋಪ್ ಮಾಡಿದ ಅಧ್ಯಯನ 2021ರಲ್ಲಿ ಹೊರಬಂತು. ಯುರೋಪಿನ ಕಂಪನಿಗಳು 2018ರಲ್ಲಿ ಮುಕ್ತ ತಂತ್ರಾಂಶಕ್ಕೆ ಹಾಕಿದ್ದು ಸುಮಾರು 100 ಕೋಟಿ ಯೂರೋ. ಅದರಿಂದ ಯುರೋಪಿನ ಆರ್ಥಿಕತೆಗೆ ಆದ ಲಾಭ 6,500ರಿಂದ 9,500 ಕೋಟಿ ಯೂರೋ ಎಂದು ಅದು ಅಂದಾಜು ಮಾಡಿತು. ಈ ವರದಿ ನಿಮ್ಮ ಕಪಾಟಿನಲ್ಲೇ ಇದೆ.

ದೊಡ್ಡ ಮೊತ್ತವೇ ಬೇಡ ಎನ್ನುವ ಮನುಷ್ಯ ನಾನಲ್ಲ. ಐಂಡ್‌ಹೋವನ್‌ನಲ್ಲಿ ಇದ್ದುಕೊಂಡು ಹಾಗೆ ಹೇಳಿದರೆ ಕೃತಘ್ನತೆಯಾದೀತು. ಇಲ್ಲಿಂದ ಸ್ವಲ್ಪ ದೂರದ ವೆಲ್ಡ್‌ಹೋವನ್‌ನಲ್ಲಿರುವ ಎಎಸ್‌ಎಮ್‌ಎಲ್ ಮಾಡುವ ಇಯುವಿ ಯಂತ್ರವಿಲ್ಲದೆ ಇವತ್ತಿನ ಅತಿ ಮುಂದುವರಿದ ಚಿಪ್ ತಯಾರಾಗುವುದಿಲ್ಲ. ಬೆಲ್ಜಿಯಂನ ಲೂವೆನ್‌ನಲ್ಲಿ ಫ್ಲಾಂಡರ್ಸ್ ಸರ್ಕಾರ 1984ರಲ್ಲಿ ಕಟ್ಟಿದ ಐಮೆಕ್ ಪ್ರಯೋಗಾಲಯ ಆ ತಂತ್ರಜ್ಞಾನಕ್ಕಾಗಿ ದಶಕಗಳ ಕಾಲ ದುಡಿಯಿತು. ಇಂಥ ಕೆಲಸ 50,000 ಯೂರೋದಲ್ಲಿ ಆಗುವುದಿಲ್ಲ. ಅಲ್ಲಿ ಸರ್ಕಾರ ಕೈಬಿಡಲಿಲ್ಲ, ಅವಸರಪಡಿಸಲಿಲ್ಲ, ನಡುವೆ ಗುರಿ ಬದಲಿಸಲಿಲ್ಲ. ದೊಡ್ಡ ಹಣ ಫಲ ಕೊಡುವುದು ಆಗ.

ಘೋಷಣೆಗೆಂದು ಹೊರಟ ದೊಡ್ಡ ಹಣದ ಕತೆ ಬೇರೆ. ಗೂಗಲ್‌ಗೆ ಎದುರಾಗಿ ಯುರೋಪಿನದೇ ಸರ್ಚ್ ಎಂಜಿನ್ ಬೇಕೆಂದು 2005ರಲ್ಲಿ ಫ್ರಾನ್ಸ್ ಮತ್ತು ಜರ್ಮನಿ ಕ್ವೇರೋ ಎಂಬ ಯೋಜನೆಗೆ ಕೈಜೋಡಿಸಿದವು. ಎರಡು ವರ್ಷ ತುಂಬುವುದರೊಳಗೆ ಜರ್ಮನಿ ಬೇರೆಯಾಯಿತು. 2008ರಲ್ಲಿ ಫ್ರಾನ್ಸ್‌ನ 9.9 ಕೋಟಿ ಯೂರೋ ನೆರವಿಗೆ ನಿಮ್ಮ ಕಮಿಷನ್ ಒಪ್ಪಿಗೆ ಕೊಟ್ಟಿತು. ಇವತ್ತು ಯುರೋಪಿನ ಯಾವ ಮನೆಯಲ್ಲೂ ಜನ ಕ್ವೇರೋದಲ್ಲಿ ಹುಡುಕುವುದಿಲ್ಲ. 2023ರ ಚಿಪ್ಸ್ ಕಾಯ್ದೆಯಲ್ಲಿ 4,300 ಕೋಟಿ ಯೂರೋ ಎಂಬ ಅಂಕಿ ಹೇಳಿ, 2030ಕ್ಕೆ ಜಗತ್ತಿನ ಚಿಪ್ ಮಾರುಕಟ್ಟೆಯಲ್ಲಿ ಶೇ 20ರಷ್ಟು ಪಾಲು ನಮ್ಮದು ಎಂದಿರಿ. ಆ ಗುರಿ ಮುಟ್ಟುವುದು ಕಷ್ಟವೆಂದು 2025ರಲ್ಲಿ ಯುರೋಪಿನ ಲೆಕ್ಕಪರಿಶೋಧಕರೇ ಹೇಳಿದರು. ನಿಮ್ಮದೇ ಮುನ್ನೋಟ ಶೇ 11.7ರ ಹತ್ತಿರ ನಿಂತಿದೆ.

ಹ್ಯೂಮನ್ ಬ್ರೈನ್ ಪ್ರಾಜೆಕ್ಟ್ ವಿಚಾರದಲ್ಲಿ ಮಾತ್ರ ನಿಮಗೆ ಒಂದು ಮೆಚ್ಚುಗೆ ಸಲ್ಲಬೇಕು. ಮನುಷ್ಯನ ಮಿದುಳನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತೇವೆಂದು 2013ರಲ್ಲಿ ಲೋಸಾನ್‌ನ ಹೆನ್ರಿ ಮಾರ್ಕ್ರಮ್ ಮುಂದಾಳತ್ವದಲ್ಲಿ ಹೊರಟ ಹತ್ತು ವರ್ಷದ ಯೋಜನೆ ಅದು. ಆರಂಭದಲ್ಲಿ ಕೇಳಿಬಂದ ಮಾತು 100 ಕೋಟಿ ಯೂರೋ. 2014ರ ಜುಲೈಯಲ್ಲಿ ನೂರಾರು ನರವಿಜ್ಞಾನಿಗಳು ನಿಮಗೆ ಬಹಿರಂಗ ಪತ್ರ ಬರೆದು, ದಿಕ್ಕೂ ಸರಿಯಿಲ್ಲ, ಆಡಳಿತವೂ ಸರಿಯಿಲ್ಲ ಎಂದರು. ನೀವು ಕಿವಿಗೊಟ್ಟಿರಿ. ಸಂಧಾನ ಸಮಿತಿ ಕೂತಿತು, ಮುಂದಾಳತ್ವ ಬದಲಾಯಿತು, ಗುರಿ ತಗ್ಗಿತು. 2023ರಲ್ಲಿ ಸುಮಾರು 60 ಕೋಟಿ ಯೂರೋ ಖರ್ಚಿನೊಂದಿಗೆ ಮುಗಿದಾಗ ಮಿದುಳಿನ ಪ್ರತಿರೂಪ ಸಿಕ್ಕಿರಲಿಲ್ಲ. ಆದರೆ ಸಂಶೋಧಕರು ಬಳಸಬಹುದಾದ ಇಬ್ರೇನ್ಸ್ ಎಂಬ ಸಾರ್ವಜನಿಕ ವೇದಿಕೆ ಉಳಿಯಿತು. ಬಹಿರಂಗ ಪತ್ರ ಓದಿ ದಾರಿ ತಿದ್ದಿಕೊಂಡ ಇತಿಹಾಸ ನಿಮಗಿದೆ ಎಂಬ ಧೈರ್ಯದಿಂದಲೇ ನಾನೂ ಬರೆಯುತ್ತಿದ್ದೇನೆ.

ಇನ್ನೊಂದು ಮಾತು, ಇದೇ ನನಗೆ ಹೆಚ್ಚು ನೋವಿನದು. ಹೊಸತಕ್ಕೆ ಮಾತ್ರ ಹಣ ಕೊಡುವ ನಿಮ್ಮ ನಿಯಮ. ಇರುವುದನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವ ಕೆಲಸ ಸಂಶೋಧನೆಯೂ ಅಲ್ಲ, ನಾವೀನ್ಯತೆಯೂ ಅಲ್ಲವೆಂದು ಅರ್ಜಿ ಬದಿಗೆ ಸರಿಯುತ್ತದೆ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ಜಗತ್ತಿನ ವೆಬ್‌ಸೈಟುಗಳ ಬಹುಪಾಲನ್ನು ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್‌ಗೆ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಚಿಕ್ಕ ಸಾಧನದಲ್ಲಿ ಕಳ್ಳಬಾಗಿಲು ಸಿಕ್ಕಿತು. ಒಂಟಿಯಾಗಿ ಅದನ್ನು ನೋಡಿಕೊಂಡು ದಣಿದಿದ್ದ ಒಬ್ಬರ ನಂಬಿಕೆ ಗಳಿಸಿ, ಸಹಾಯದ ನೆಪದಲ್ಲಿ ಯಾರೋ ಒಳಹೊಕ್ಕು ಎರಡು ವರ್ಷಕ್ಕೂ ಮೇಲೆ ಕಾದು ಅದನ್ನು ಇಟ್ಟಿದ್ದರು. ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರ್‌ಗೆ ತನ್ನ ಕಂಪ್ಯೂಟರಿಗೆ ಲಾಗಿನ್ ಆಗುವುದು ಅರ್ಧ ಸೆಕೆಂಡು ತಡವಾಗುತ್ತಿದೆ ಎಂದು ಅನುಮಾನ ಬಂದು ಕೆದಕಿದ್ದರಿಂದ ಜಗತ್ತು ಬಚಾವಾಯಿತು. ದಣಿದ ಆ ಒಬ್ಬ ವ್ಯಕ್ತಿಗೆ ವರ್ಷಕ್ಕೆ ಒಂದು ಸಣ್ಣ ಸಂಬಳ ಕೊಡುವ ಏರ್ಪಾಡು ಯಾರ ಬಳಿಯೂ ಇರಲಿಲ್ಲ.

ನಮ್ಮ ನಾಡಿನ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ ಹೆಸರಿನ ಜೊತೆಗೆ ಬಿತ್ತುವಟ್ಟ ಎಂಬ ದತ್ತಿಯ ಮಾತು ಬರುತ್ತದೆ. ಕೆರೆಯ ಹೂಳೆತ್ತಲು, ಏರಿ ರಿಪೇರಿ ಮಾಡಲು ಮೀಸಲಿಟ್ಟ ಭೂಮಿ ಅದು. ಕಟ್ಟಿದ ಮೇಲೆ ಕಾಯಲು ದುಡ್ಡು ಬೇಕು ಎಂದು ಅವರಿಗೆ ಗೊತ್ತಿತ್ತು. ಜರ್ಮನಿ 2022ರಲ್ಲಿ ಸಾವರಿನ್ ಟೆಕ್ ಫಂಡ್ ಶುರು ಮಾಡಿ, ಈಗಾಗಲೇ ಎಲ್ಲರೂ ಬಳಸುತ್ತಿರುವ ಮುಕ್ತ ತಂತ್ರಾಂಶದ ನಿರ್ವಹಣೆಗೇ ಹಣ ಕೊಡತೊಡಗಿತು. ನಿಮ್ಮ ಪಾರ್ಲಿಮೆಂಟಿನಲ್ಲೂ ಹಾರ್ಟ್‌ಬ್ಲೀಡ್ ಆದ ಮೇಲೆ ಫೆಲಿಕ್ಸ್ ರೆಡಾ, ಮ್ಯಾಕ್ಸ್ ಆಂಡರ್‌ಸನ್ ಅವರ ಒತ್ತಾಸೆಯಿಂದ ಫೊಸ್ಸಾ ಎಂಬ ಸಣ್ಣ ಯೋಜನೆ ಬಂದು, ಅಪಾಚೆ ವೆಬ್ ಸರ್ವರ್, ಕೀಪಾಸ್‌ನಂಥ ತಂತ್ರಾಂಶಗಳ ಸುರಕ್ಷತೆ ಪರಿಶೀಲನೆ ಆಯಿತು. ಅದು ಪ್ರಯೋಗವಾಗಿಯೇ ಉಳಿಯಿತು. ಕಾಯಂ ಆಗಬೇಕಿತ್ತು.

ಆದ್ದರಿಂದ ನನ್ನ ಕೋರಿಕೆ. 17,500 ಕೋಟಿಯಲ್ಲಿ ಸಾವಿರಕ್ಕೆ ಎರಡು ಪಾಲು ತೆಗೆದಿಡಿ. ಅದು 35 ಕೋಟಿ ಯೂರೋ ಆಗುತ್ತದೆ. ತಲಾ 50,000ದಂತೆ ಕೊಟ್ಟರೂ ಏಳು ವರ್ಷಕ್ಕೆ 7,000 ಅನುದಾನ. ಅದನ್ನು ಕಾಯ್ದೆಯಲ್ಲೇ ಬರೆಯಿರಿ. ವರ್ಷಕ್ಕೊಮ್ಮೆ ತಯಾರಾಗುವ ಕರಡಿನ ಮರ್ಜಿಗೆ ಬಿಡಬೇಡಿ. ಅರ್ಜಿ ಒಂದು ಸಂಜೆಯಲ್ಲಿ ಮುಗಿಯುವಂತಿರಲಿ. ಅರ್ಧದಷ್ಟನ್ನಾದರೂ ನಿರ್ವಹಣೆಗೆ ಮೀಸಲಿಡಿ. ಸಾರ್ವಜನಿಕ ಹಣದಲ್ಲಿ ಬರೆದ ಕೋಡ್ ಸಾರ್ವಜನಿಕರಿಗೆ ಸಿಗಲಿ. ಸೋತ ಪ್ರಾಜೆಕ್ಟು ಸೋತಿತೆಂದು ವರದಿ ಬರೆದವರಿಗೆ ಮುಂದಿನ ಅರ್ಜಿಯಲ್ಲಿ ಅದು ಕಪ್ಪುಚುಕ್ಕೆ ಆಗದಿರಲಿ. ಎಬಿಸಿಯನ್ನು ನೆನಪಿಟ್ಟುಕೊಳ್ಳಿ.

ಬೆಂಗಳೂರಿನ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ಫ್ಲಾಸ್ ಫಂಡ್ ಎಂದು ಶುರು ಮಾಡಿ, ಜಗತ್ತಿನ ಯಾವ ಮೂಲೆಯ ಮುಕ್ತ ತಂತ್ರಾಂಶಕ್ಕಾದರೂ ಸರಿ, ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕೊಡುತ್ತೇವೆ ಎಂದಿತು. ಷೇರು ದಲ್ಲಾಳಿ ಕಂಪನಿಯೊಂದಕ್ಕೆ ತಾನು ಬಳಸಿದ್ದರ ಋಣ ತೀರಿಸಬೇಕೆಂದು ಅನ್ನಿಸಿದೆ. 27 ದೇಶಗಳ ಒಕ್ಕೂಟಕ್ಕೆ ಅದು ಹೊರೆಯಾಗಬಾರದು.

ಈ ಪತ್ರ ಓದುವ ಕನ್ನಡಿಗರಲ್ಲೂ ಒಂದು ಮಾತು. ಜರ್ಮನಿ, ನೆದರ್‌ಲ್ಯಾಂಡ್ಸ್, ಐರ್ಲೆಂಡ್, ಸ್ವೀಡನ್‌ನಲ್ಲಿ ದುಡಿಯುವ ನಮ್ಮವರು ಸಾವಿರಾರು ಜನ ಇದ್ದೀರಿ. ನೀವಿರುವ ಕ್ಷೇತ್ರದ ಯುರೋಪಿಯನ್ ಪಾರ್ಲಿಮೆಂಟ್ ಸದಸ್ಯರ ವಿಳಾಸ ಪಾರ್ಲಿಮೆಂಟಿನ ತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಬಜೆಟ್ಟಿಗೆ ಅವರ ಒಪ್ಪಿಗೆ ಬೇಕೇ ಬೇಕು. ಮತದ ಹಕ್ಕು ಇಲ್ಲದಿದ್ದರೂ ಪತ್ರ ಬರೆಯುವ ಹಕ್ಕು ನಿಮಗಿದೆ. ದಯವಿಟ್ಟು ಬರೆಯಿರಿ.

ಇಂತಿ,
ಐಂಡ್‌ಹೋವನ್‌ನಿಂದ ಒಬ್ಬ ತೆರಿಗೆದಾರ